ಉಸಿರು ಎಣಿಸುವ ಕೈಗೆ ಒಂದು ವಾಚು

ನಾನು ಗುಬ್ಬಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೇನೆ. ಮನೆಭೇಟಿಗೆ ಹೋದಾಗ ಕೆಮ್ಮಿರುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುವುದು ನನ್ನ ಮುಖ್ಯ ಕೆಲಸಗಳಲ್ಲೊಂದು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಾಟವಿದ್ದರೆ ನ್ಯುಮೋನಿಯಾ ಇರಬಹುದೆಂದು ಎಚ್ಚರಗೊಳ್ಳಬೇಕು. ಮೊಬೈಲಿನಲ್ಲಿಯೂ ಸೆಕೆಂಡು ನೋಡಬಹುದು. ಆದರೆ ಒಂದು ಕೈಯಲ್ಲಿ ಮಗುವಿನ ಅಂಗಿಯನ್ನು ಮೇಲೆತ್ತಿ ಹಿಡಿದಿರುವಾಗ, ಏರಿಳಿಯುವ ಹೊಟ್ಟೆಯ ಪಕ್ಕದಲ್ಲೇ ಮಣಿಕಟ್ಟಿನ ಸೆಕೆಂಡ್ ಮುಳ್ಳು ಕಾಣುವುದರಿಂದ ಸಿಗುವ ಅನುಕೂಲ ಮೊಬೈಲಿನಿಂದ ಸಿಗದು.

ನಾನು ಮೊದಲು ಕೊಂಡ ಅಗ್ಗದ ವಾಚಿನ ಲೇಪ ಒಂದೇ ಬೇಸಿಗೆಯಲ್ಲಿ ಬೆವರಿಗೆ ಎದ್ದು, ಮಣಿಕಟ್ಟಿನಲ್ಲಿ ಹಸಿರು ಕಲೆಯೂ ತುರಿಕೆಯೂ ಉಂಟಾದವು. ಎರಡನೆಯದರ ಮೇಲೆ ನೀರು ತಡೆಯುವ ಮಟ್ಟ 30 ಮೀಟರ್ ಎಂದು ಬರೆದಿತ್ತು. ಅದನ್ನು ನಂಬಿ ದಿನಕ್ಕೆ ಹತ್ತಾರು ಸಲ ನಲ್ಲಿಯ ಕೆಳಗೆ ಕೈ ತೊಳೆದೆ. ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನೊಳಗೆ ಆವಿ ಕಟ್ಟಿ ಅಂಕಿಗಳೇ ಮಸುಕಾದವು.

ಮೂರನೆಯದನ್ನು ಕೊಳ್ಳುವ ಮೊದಲು ತಂದೆಯವರನ್ನು ಕೇಳಿದೆ. ಅವರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು. "ಬೆಲೆ ಆಮೇಲೆ ನೋಡಮ್ಮ, ಮೊದಲು ವಾಚನ್ನು ಮಗುಚಿ ಹಿಂದೆ ಏನು ಬರೆದಿದೆ ಓದು" ಎಂದರು. 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದಿದ್ದರೆ ಉಕ್ಕು ಎಂಬ ಭರವಸೆ ಮುಚ್ಚಳಕ್ಕೆ ಮಾತ್ರ, ಒಡಲು ಲೇಪ ಹಾಕಿದ ಹಿತ್ತಾಳೆಯೋ ಮತ್ತಾವುದೋ ಲೋಹವಾಗಿರಬಹುದು. ಒಡಲೂ ಉಕ್ಕಿನದೇ ಆಗಿರಬೇಕೆಂದರೆ ಅದನ್ನು ಬೇರೆಯಾಗಿ ಕೇಳಿ ತಿಳಿಯಬೇಕು. 30 ಮೀಟರ್ ಎಂಬುದು ಅಷ್ಟು ಆಳಕ್ಕೆ ಇಳಿಯಬಹುದೆಂಬ ಅರ್ಥವಲ್ಲ, ತುಂತುರು ಸಿಡಿದರೆ ತಡೆಯುತ್ತದೆ ಎಂಬಷ್ಟೇ. ನನ್ನಂತೆ ಪದೇ ಪದೇ ಕೈ ತೊಳೆಯುವವರಿಗೆ ಕನಿಷ್ಠ 50 ಮೀಟರಿನದು ಬೇಕು.

ವಾಚು ನಿಖರವಾಗಿದ್ದಷ್ಟೂ ಉಸಿರೆಣಿಕೆ ಸರಿಯಾಗುತ್ತದೆ ಎಂಬ ನನ್ನ ಅಂದಾಜೇ ತಪ್ಪಿತ್ತು. ತಂದೆಯವರ ಕೀ ಕೊಡುವ ಎಚ್‌ಎಂಟಿ ಜನತಾ ವಾಚು ದಿನಕ್ಕೆ ಸುಮಾರು 20 ಸೆಕೆಂಡು ಹಿಂದೆ ಬೀಳುತ್ತದೆ, ಅಂದರೆ ತಿಂಗಳಿಗೆ 10 ನಿಮಿಷ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿರುವ ಸೆಲ್ಲಿನಿಂದ ನಡೆಯುವ ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೇ 20 ಸೆಕೆಂಡಿನಷ್ಟು ಆಚೀಚೆ ಆಗುತ್ತದೆ. ಬಸ್ಸು ಹಿಡಿಯಲು ಈ ವ್ಯತ್ಯಾಸ ದೊಡ್ಡದು. ಆದರೆ ಒಂದು ನಿಮಿಷ ಉಸಿರೆಣಿಸುವುದಕ್ಕೆ ಎರಡೂ ಒಂದೇ, ಏಕೆಂದರೆ ಜನತಾದಲ್ಲಿಯೂ ಒಂದು ನಿಮಿಷದಲ್ಲಿ ತಪ್ಪುವುದು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ನನ್ನ ಎಣಿಕೆಯನ್ನು ಕೆಡಿಸುತ್ತಿದ್ದುದು ಕಪ್ಪು ಡಯಲಿನ ಮೇಲೆ ಕಾಣದ ತೆಳು ಮುಳ್ಳು, ಸೆಕೆಂಡಿನ ಗೆರೆಗಳೇ ಇಲ್ಲದ ಅಂಚು.

ಆದ್ದರಿಂದ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಬಿಳಿ ಡಯಲು, ಹನ್ನೆರಡೂ ಅಂಕಿ, ಕೆಂಪು ಸೆಕೆಂಡ್ ಮುಳ್ಳು, 60 ಗೆರೆಗಳಿರುವ ಕ್ವಾರ್ಟ್ಜ್ ವಾಚನ್ನೇ ಕೇಳಿದೆ. ಒಡಲು, ಮುಚ್ಚಳ ಎರಡೂ ಉಕ್ಕಿನವು, 50 ಮೀಟರಿನದು, ಬೆಲೆ 1,650 ರೂಪಾಯಿ. ಕೊಳ್ಳುವ ಮೊದಲು ಎರಡು ನಿಮಿಷ ನಿಂತು, ಮುಳ್ಳು ಸರಿಯಾಗಿ ಗೆರೆಯ ಮೇಲೆಯೇ ನಿಲ್ಲುತ್ತದೆಯೇ ಎಂದು ನೋಡಿದೆ. ಅಂಗಡಿಯವರು ತೋರಿಸಿದ ಮೂರರಲ್ಲಿ ಒಂದರ ಮುಳ್ಳು ಎರಡು ಗೆರೆಗಳ ನಡುವೆ ಬೀಳುತ್ತಿತ್ತು. ಬೆಲ್ಟು ಸಾಮಾನ್ಯ 18 ಮಿಲಿಮೀಟರಿನದಾದ್ದರಿಂದ ಹರಿದರೆ ಯಾವ ಅಂಗಡಿಯಲ್ಲಾದರೂ ಬೇರೆ ಸಿಗುತ್ತದೆ. ಚರ್ಮದ್ದು ಬೇಡವೆಂದು, ಸಾಬೂನಿನಲ್ಲಿ ತೊಳೆಯಬಹುದಾದ ರಬ್ಬರಿನದನ್ನು ಹಾಕಿಸಿದೆ.

ಮನೆಗೆ ಬಂದು ಆಕಾಶವಾಣಿಯ ಸಮಯಸೂಚಕ ಸದ್ದಿಗೆ ಹೊಂದಿಸಿ, 30 ದಿನ ಮುಟ್ಟದೆ ಬಿಟ್ಟು ಮತ್ತೆ ಅದೇ ಸದ್ದಿಗೆ ಹೋಲಿಸಿದಾಗ 8 ಸೆಕೆಂಡು ಮುಂದಿತ್ತು. ಎರಡು ವರ್ಷದ ಮೇಲೆ ಸೆಲ್ಲು ಮುಗಿದಾಗ ಅಗ್ಗದ ಆಲ್ಕಲೈನ್ ಬೇಡವೆಂದು ಸಿಲ್ವರ್ ಆಕ್ಸೈಡ್ ಸೆಲ್ಲನ್ನೇ ಹಾಕಿಸಿದೆ. ಜೊತೆಗೆ ಮುಚ್ಚಳದ ರಬ್ಬರ್ ವಾಷರನ್ನೂ ನನ್ನೆದುರೇ ಬದಲಿಸಿಕೊಂಡೆ. ಆ ವಾಷರ್ ಗಟ್ಟಿಯಾಗಿದ್ದರೆ 50 ಮೀಟರೆಂಬ ಬರಹಕ್ಕೆ ಬೆಲೆಯಿಲ್ಲ ಎಂದು ತಂದೆಯವರು ಅಂಗಡಿಗೆ ಹೊರಡುವಾಗಲೇ ಹೇಳಿ ಕಳಿಸಿದ್ದರು.