ಟೆಸ್ಟೋಸ್ಟಿರಾನ್ ಕಡಿಮೆ, ಮೂಳೆಯೂ ಸವೆದಿದೆ: ನಾನು ನೋಡುವ ಕ್ರಮ

ಅರವತ್ತು ದಾಟಿದ ಗಂಡಸರು ಉಡುಪಿಯಲ್ಲಿ ನನ್ನ ಬಳಿ ಬಂದಾಗ ಮೊದಲ ಕೆಲಸ ಎತ್ತರ ಅಳೆಯುವುದು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸುತ್ತೇನೆ. ಪ್ರಾಯದಲ್ಲಿದ್ದಾಗಿನ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ದರೆ ಬೆನ್ನಿನ ಎಕ್ಸ್‌ರೇ ಬೇಕೇ ಬೇಕು. ಬೆನ್ನುಮೂಳೆ ಎಷ್ಟೋ ಸಲ ನೋವೇ ಇಲ್ಲದೆ ಕುಸಿದಿರುತ್ತದೆ. "ಪ್ರಾಯ ಆಯಿತಲ್ಲ ಡಾಕ್ಟ್ರೇ, ಬೆನ್ನು ಬಾಗದೆ ಇರ್ತದಾ?" ಎಂದು ಬಿಟ್ಟುಬಿಡುವ ಮಾತಲ್ಲ ಅದು.

ಗಂಡಸರ ಹಾರ್ಮೋನಾದ ಟೆಸ್ಟೋಸ್ಟಿರಾನ್ ಕಡಿಮೆಯಾದರೂ ಮೂಳೆ ಸವೆಯುತ್ತದೆ. ಹೆಚ್ಚು ತಪ್ಪಾಗುವುದು ಅದರ ಪರೀಕ್ಷೆಯಲ್ಲಿ. ರಕ್ತ ಕೊಡಬೇಕಾದ್ದು ಬೆಳಗ್ಗೆ 7ರಿಂದ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ. ಹೆಬ್ರಿ, ಬೈಂದೂರಿನಿಂದ ಬಸ್ಸು ಹಿಡಿದು ಬರುವವರು ದಾರಿಯಲ್ಲಿ ತಿಂಡಿ ಮುಗಿಸಿ ಲ್ಯಾಬ್ ತಲುಪುವಾಗ ಹನ್ನೊಂದು ದಾಟಿರುತ್ತದೆ. ವರದಿ ಕಡಿಮೆ ಬರುತ್ತದೆ. ಹಾಗಾಗಿ ಊರಿನ ಲ್ಯಾಬಿನಲ್ಲೇ ಕೊಡಲು ಹೇಳುತ್ತೇನೆ. ಜ್ವರದಲ್ಲಿ, ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾಡಿಸಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರಿಗೆ ಕೆಲವು ಯಂತ್ರಗಳಲ್ಲಿ ಅಂಕಿ ಸುಳ್ಳಾಗಿ ಏರುತ್ತದೆ. ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗೆ ಬಂದರೆ ಬೇರೊಂದು ದಿನ ಮತ್ತೆ ಮಾಡಿಸಿಯೇ ನಂಬುವುದು. ಜತೆಗೆ ಎಸ್‌ಎಚ್‌ಬಿಜಿ, ಅಂದರೆ ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಎಷ್ಟಿದೆ ಎಂದು ನೋಡುತ್ತೇನೆ. ವಯಸ್ಸಾದಂತೆ ಆ ಪ್ರೋಟೀನು ಏರುವುದರಿಂದ ಒಟ್ಟು ಅಂಕಿ ಚೆನ್ನಾಗಿ ಕಂಡರೂ ದೇಹಕ್ಕೆ ದಕ್ಕುವ ಪಾಲು ಕಡಿಮೆಯಿರಬಹುದು. ಬೊಜ್ಜಿರುವವರಲ್ಲಿ ಇದರ ತಿರುಗುಮುರುಗು.

ಗಂಡಸಿನ ಮೂಳೆ ಸವೆಯದಂತೆ ತಡೆಯುವುದು ಮುಖ್ಯವಾಗಿ ಟೆಸ್ಟೋಸ್ಟಿರಾನಿನಿಂದಲೇ ದೇಹದಲ್ಲಿ ತಯಾರಾಗುವ ಎಸ್ಟ್ರಡೈಯಾಲ್ ಎಂಬ ಹಾರ್ಮೋನ್. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಕೊಟ್ಟಾಗ ಎರಡೂ ಒಟ್ಟಿಗೆ ಕುಸಿದು ಮೂಳೆ ಬೇಗ ಕರಗುತ್ತದೆ. ಅಂಥವರಿಗೆ ಚಿಕಿತ್ಸೆಯ ಶುರುವಿನಲ್ಲೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು.

ಡೆಕ್ಸಾ ವರದಿ ಬಂದಾಗ ನನ್ನ ಕಣ್ಣು ಮೊದಲು ಸೊಂಟದ ಕೀಲಿನ ಅಂಕಿಗೆ ಹೋಗುತ್ತದೆ. ಮುದುಕರ ಬೆನ್ನಿನಲ್ಲಿ ಬೆಳೆದ ಮೂಳೆಮುಳ್ಳುಗಳು ಅಲ್ಲಿನ ಸಾಂದ್ರತೆಯನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಆರೋಗ್ಯವಂತ ಪ್ರಾಯದವರ ಮೂಳೆಗೆ ಹೋಲಿಸಿ ಕೊಡುವ ಅಂಕಿಯಾದ ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ರೋಗ. ಶಿಬಿರಗಳಲ್ಲಿ ಹಿಮ್ಮಡಿಗೆ ಹಚ್ಚಿ ನೋಡುವ ಯಂತ್ರದ ಮೇಲೆ ನಾನು ಮದ್ದು ಶುರು ಮಾಡುವುದಿಲ್ಲ.

ಹಾಗಾದರೆ ಟೆಸ್ಟೋಸ್ಟಿರಾನ್ ಕೊಟ್ಟರಾಯಿತಲ್ಲ? ಮೂಳೆಯೊಂದಕ್ಕೇ ಆದರೆ ಬೇಡ. 2017ರ ಒಂದು ಅಧ್ಯಯನದಲ್ಲಿ ಟೆಸ್ಟೋಸ್ಟಿರಾನ್ ಕೊಟ್ಟಾಗ ಬೆನ್ನುಮೂಳೆಯ ಸಾಂದ್ರತೆ ಏರಿತ್ತು, ನಿಜ. ಆದರೆ 2024ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ಗಂಡಸರ ಟ್ರಾವರ್ಸ್ ಪ್ರಯೋಗದಲ್ಲಿ ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿದವರಿಗೇ ಮುರಿತ ಹೆಚ್ಚಾಯಿತು: ಮೂರು ವರ್ಷಕ್ಕೆ ಶೇ. 3.5, ಉಳಿದವರಲ್ಲಿ ಶೇ. 2.46. ಬೇರೆ ಲಕ್ಷಣಗಳಿಗೆ ಕೊಡಬೇಕಾಗಿ ಬಂದರೂ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 54 ದಾಟಿದ ಕೂಡಲೇ ನಿಲ್ಲಿಸುತ್ತೇನೆ. ಮೂಳೆಗೆ ಮೂಳೆಯದೇ ಮದ್ದು ಬೇಕು.

ಅದಕ್ಕೂ ಮೊದಲು ವಿಟಮಿನ್ ಡಿ ಸರಿಪಡಿಸಬೇಕು. 60,000 ಯೂನಿಟ್‌ನ ಪುಡಿ ವಾರಕ್ಕೊಂದು, ಎಂಟು ವಾರ. ಚೀಟಿ ಹಿಡಿದು ವರ್ಷಗಟ್ಟಲೆ ಕುಡಿದರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ದಿನಕ್ಕೆ 1000ದಿಂದ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಮುಳ್ಳಿನ ಸಮೇತ ತಿನ್ನುವ ಸಣ್ಣ ಬೂತಾಯಿ, ಮೊಸರು, ರಾಗಿ ಮಣ್ಣಿ ಇದಕ್ಕೆ ಒಳ್ಳೆಯದು.

ಮೂಳೆಯ ಮದ್ದೆಂದರೆ ಅಲೆಂಡ್ರೊನೇಟ್ ಮಾತ್ರೆ, 70 ಮಿ.ಗ್ರಾಂ ವಾರಕ್ಕೊಂದು. ಗಂಜಿ, ಚಾ ಯಾವುದೂ ಹೊಟ್ಟೆಗೆ ಹೋಗುವ ಮೊದಲು, ಒಂದು ಲೋಟ ತುಂಬ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು; ಅಡ್ಡಾದರೆ ಅನ್ನನಾಳ ಹುಣ್ಣಾಗುತ್ತದೆ. ಕಿಡ್ನಿ ದುರ್ಬಲವಾಗಿ, ಅದರ ಸೋಸುವ ಶಕ್ತಿ ತೋರಿಸುವ ಇಜಿಎಫ್‌ಆರ್ 35ಕ್ಕಿಂತ ಕೆಳಗಿದ್ದರೆ ಇದು ಬೇಡ. ಅಂಥವರಿಗೆ, ಕ್ಯಾಲ್ಸಿಯಂ ಮೇಲೆ ಕಣ್ಣಿಟ್ಟು, ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್ 60 ಮಿ.ಗ್ರಾಂ ಯೋಚಿಸುತ್ತೇನೆ. ಮುಂದಿನ ತಾರೀಕನ್ನು ಮನೆಯವರ ಮೊಬೈಲಿನಲ್ಲೂ ಬರೆಸುತ್ತೇನೆ, ಏಕೆಂದರೆ ಬೇರೆ ಮದ್ದು ಶುರು ಮಾಡದೆ ಇದನ್ನು ಬಿಟ್ಟರೆ ಬೆನ್ನುಮೂಳೆಗಳು ಒಂದರ ಹಿಂದೆ ಒಂದು ಕುಸಿಯಬಹುದು.