ಬ್ಯಾರಲ್‌ಗೆ ಕೈ ಹಾಕುವ ಮೊದಲು: ನನ್ನ .22 ರೈಫಲ್ ಗುರಿಗೆ ಬಂದ ಕತೆ

ನನ್ನ ಹತ್ತಿರ ಒಂದು ಹಳೆಯ ಗುರಿಕಾಗದ ಇದೆ. ಅದರಲ್ಲಿ ಐದು ತೂತು, ಎಲ್ಲ ಒಂದಕ್ಕೊಂದು ತಾಗಿಕೊಂಡೇ ಇವೆ. ರೈಫಲ್ ಕೊಂಡ ಎರಡನೇ ವಾರದಲ್ಲಿ ಬಿದ್ದದ್ದು. ಅದನ್ನು ಸಿಕ್ಕಿದವರಿಗೆಲ್ಲ ತೋರಿಸಿದ್ದೇನೆ. ಅದೇ ದಿನದ ಉಳಿದ ಒಂಬತ್ತು ಕಾಗದಗಳನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಅವುಗಳಲ್ಲಿ ತೂತುಗಳು ಅಕ್ಕಿಕಾಳು ಎರಚಿದ ಹಾಗೆ ಬಿದ್ದಿದ್ದವು.

ಆರು ತಿಂಗಳು ನಾನು ನನಗೇ ಹೇಳಿಕೊಂಡ ಸುಳ್ಳು ಇದು: 'ರೈಫಲ್ ಚೆನ್ನಾಗಿದೆ, ನನ್ನ ಕೈಯೇ ಸರಿಯಿಲ್ಲ.' ಆಮೇಲೆ ಅದನ್ನೇ ತಿರುಗಿಸಿ ಹೇಳಿಕೊಂಡೆ: 'ನನ್ನ ಕೈ ಚೆನ್ನಾಗಿದೆ, ರೈಫಲ್ ಸರಿಯಿಲ್ಲ.' ಅಳತೆ ಮಾಡದೆ ಎರಡೂ ಮಾತು ಹೇಳಬಾರದಿತ್ತು.

ರೈಫಲ್ ರುಗರ್ ಕಂಪನಿಯ 10/22 ಮಾದರಿಯದ್ದು. 1964ರಿಂದ ಬರುತ್ತಿರುವ, ಜನ ಬಿಚ್ಚಿ ಜೋಡಿಸಿ ಆಟವಾಡುವ ಮಾದರಿ. ಹತ್ತು ತೋಟಾ ಹಿಡಿಯುವ ತಿರುಗುವ ಮ್ಯಾಗಜೀನ್, ಅಲ್ಯೂಮಿನಿಯಂ ರಿಸೀವರ್ (ಒಳಗಿನ ಯಂತ್ರ ಕೂರುವ ಪೆಟ್ಟಿಗೆ). ಬ್ಯಾರಲ್ಲನ್ನು, ಅಂದರೆ ನಳಿಗೆಯನ್ನು, ರಿಸೀವರ್‌ಗೆ ಹಿಡಿದಿರುವುದು ಒಂದು ಪುಟ್ಟ ವಿ-ಬ್ಲಾಕ್ ಮತ್ತು ಎರಡು ಸ್ಕ್ರೂ, ಅಷ್ಟೇ. ಇಡೀ ರಿಸೀವರ್ ಸ್ಟಾಕಿನಲ್ಲಿ (ಹೆಗಲಿಗೆ ಒರಗಿಸುವ ಮರದ ಭಾಗ) ಕೂತಿರುವುದು ಒಂದೇ ಒಂದು ಸ್ಕ್ರೂ ಮೇಲೆ. ಆ ಒಂದು ಸ್ಕ್ರೂ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಇರುವ ಆಯುಧದಲ್ಲಿ ಏನು ಬದಲಾಯಿಸಬಹುದು, ಏನು ಬಾರದು ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಕೈ ಹಾಕುವ ಮೊದಲು ಅದನ್ನು ತಿಳಿದುಕೊಳ್ಳಿ. ಕೆಲಸಕ್ಕೆ ಕೂರುವ ಮೊದಲು ಮ್ಯಾಗಜೀನ್ ತೆಗೆದು, ಚೇಂಬರನ್ನು (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ನಾನು ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟೇ ಸ್ಕ್ರೂಡ್ರೈವರ್ ಹಿಡಿಯುತ್ತೇನೆ.

ಮೊದಲ ಕೆಲಸ ಅಳತೆ. 50 ಮೀಟರ್, ಮುಂದೆ ಹಿಂದೆ ಮರಳುಚೀಲ, ಐದೈದು ಗುಂಡಿನ ಐದು ಗ್ರೂಪ್. ಪ್ರತಿಯೊಂದರಲ್ಲೂ ಅತಿ ದೂರದ ಎರಡು ತೂತುಗಳ ನಡುವಿನ ಅಂತರ, ಮಧ್ಯದಿಂದ ಮಧ್ಯಕ್ಕೆ. ಆಮೇಲೆ ಐದರ ಸರಾಸರಿ. ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು 'ಗಾಳಿ ಬಂತು' ಅಂತ ಬಿಡುವ ಹಾಗಿಲ್ಲ. ಸರಾಸರಿ ಬಂದದ್ದು 38 ಮಿಲಿಮೀಟರ್. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ಇನ್ನು ಲೆಕ್ಕ ನೀವೇ ಹಾಕಿಕೊಳ್ಳಿ.

ಇಷ್ಟು ಗೊತ್ತಾದ ಮೇಲೂ ನಾನು ಮಾಡಿದ್ದೇನು? ನೋಡೋಕೆ ಚೆನ್ನಾಗಿದೆ ಅಂತ ಬೋಲ್ಟಿಗೆ (ತೋಟಾವನ್ನು ಚೇಂಬರಿಗೆ ತಳ್ಳಿ ಮುಚ್ಚುವ ಜಾರುವ ತುಂಡು) ದಪ್ಪ ಹಿಡಿ ತಂದೆ. ದೊಡ್ಡ ಮ್ಯಾಗಜೀನ್ ಲಿವರ್ ತಂದೆ. ಬೋಲ್ಟ್ ಹಿಂದೆ ಹೋಗಿ ಬಡಿಯುವ ಕಬ್ಬಿಣದ ಪಿನ್ ತೆಗೆದು ಪ್ಲಾಸ್ಟಿಕ್ ಬಫರ್ ಹಾಕಿದೆ. ಬಫರಿನಿಂದ ಟಣ್ ಅನ್ನುವ ಸದ್ದು ಠಕ್ ಆಯಿತು, ಅದು ನಿಜವಾಗಿಯೂ ಹಿತವಾಗಿದೆ. ಗ್ರೂಪ್ 38ರಲ್ಲೇ ಉಳಿಯಿತು. ಬೋಲ್ಟ್ ಹಿಂದಿನ ಪಿನ್ನಿಗೆ ಬಡಿಯುವ ಹೊತ್ತಿಗೆ ಗುಂಡು ಯಾವತ್ತೋ ನಳಿಗೆ ಬಿಟ್ಟು ಹೋಗಿರುತ್ತದೆ, ಅಲ್ವಾ? ಇದನ್ನು ಯೋಚಿಸಬೇಕಾದದ್ದು ದುಡ್ಡು ಕೊಡುವ ಮೊದಲು.

ಮೊದಲ ನಿಜವಾದ ಬದಲಾವಣೆ ರೈಫಲ್ಲಿನಲ್ಲಿ ಅಲ್ಲ, ತೋಟಾದಲ್ಲಿ ಆಯಿತು. ಅಲ್ಲಿಯವರೆಗೆ ನಾನು ಹೈ ವೆಲಾಸಿಟಿ ತೋಟಾ ಹೊಡೆಯುತ್ತಿದ್ದೆ. ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಇಂಥ ಸೆಮಿ ಆಟೋಮ್ಯಾಟಿಕ್‌ಗೆ ಜೋರಾದದ್ದೇ ಬೇಕು, ಇಲ್ಲದಿದ್ದರೆ ಬೋಲ್ಟ್ ಪೂರ್ತಿ ಹಿಂದೆ ಹೋಗಲ್ಲ ಅನ್ನುವ ನಂಬಿಕೆ. ಆ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಬ್ದದ ವೇಗ ಸುಮಾರು 340. ಅಂದರೆ ಗುಂಡು ಶಬ್ದಕ್ಕಿಂತ ಮುಂದೆ ಹೊರಟು, ಹೋಗ್ತಾ ಹೋಗ್ತಾ ಆ ಗಡಿ ದಾಟಿ ಕೆಳಗಿಳಿಯುತ್ತದೆ. ದಾಟುವಾಗ ಅಲುಗಾಡುತ್ತದೆ. ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು 325ರ ಆಸುಪಾಸಿನಲ್ಲಿ ಹೊರಡುತ್ತದೆ. ಗಡಿಯ ಕೆಳಗೇ ಇರುತ್ತದೆ, ದಾಟುವ ಗೋಜೇ ಇಲ್ಲ. ಇನ್ನೊಂದು ವಿಚಿತ್ರ ಅಂದರೆ ಅಡ್ಡಗಾಳಿಗೆ ಜಾಸ್ತಿ ಸರಿಯುವುದು ವೇಗದ ಗುಂಡೇ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಬಹಳ ದಿನ ಬೇಕಾಯಿತು.

ಏಳು ಥರದ ತೋಟಾ ತಂದು ಹೊಡೆದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಹತ್ತು-ಹದಿನೈದು ಗುಂಡು ಲೆಕ್ಕಕ್ಕಿಲ್ಲ. ಸೀಸದ ಗುಂಡಿನ ಮೇಲಿರುವ ಮೇಣ ನಳಿಗೆಯೊಳಗೆ ಹೊಸದಾಗಿ ಬಳಿದುಕೊಳ್ಳಬೇಕು. ಹಳೆಯದರ ಮೇಲೆ ಹೊಸದು ಕೂರುವವರೆಗೆ ತೂತು ಎಲ್ಲೆಲ್ಲೋ. ಇದು ಗೊತ್ತಿಲ್ಲದೆ ಮೊದಲು ಎರಡು ಒಳ್ಳೆಯ ತೋಟಾಗಳನ್ನು 'ಆಗಲ್ಲ' ಅಂತ ಪಕ್ಕಕ್ಕಿಟ್ಟಿದ್ದೆ. ಅವುಗಳಲ್ಲಿ ಒಂದೇ ಕೊನೆಗೆ ಗೆದ್ದದ್ದು. ಸರಾಸರಿ 27ಕ್ಕೆ ಇಳಿಯಿತು. ಏಳರಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಮೂರನೇ ಸ್ಥಾನ. ಬೋಲ್ಟ್ ಬಗ್ಗೆ ಇದ್ದ ಹೆದರಿಕೆ ಸುಮ್ನೆ. ಒಳಗಿನ ಮಸಿ ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಸ್ಟ್ಯಾಂಡರ್ಡ್ ತೋಟಾ ಆರಾಮವಾಗಿ ಓಡುತ್ತದೆ.

ಈಗ ಆ ಒಂದು ಸ್ಕ್ರೂ ವಿಷಯ. ಸ್ಕ್ರೂ ಸ್ವಲ್ಪ ಸಡಿಲಿಸಿ, ರಿಸೀವರ್ ಹಿಂಭಾಗಕ್ಕೆ ಹೆಬ್ಬೆರಳು ಇಟ್ಟು ಒತ್ತಿ ನೋಡಿದೆ. ಟಕ್ ಅಂತ ಕೆಳಗಿಳಿಯಿತು. ಬಿಟ್ಟೆ, ಮೇಲೆ ಬಂತು. ಕೂದಲೆಳೆಯಷ್ಟೇ. ಆದರೆ ಪ್ರತಿ ಗುಂಡಿಗೂ ಬೋಲ್ಟ್ ಹಿಂದೆ ಮುಂದೆ ಬಡಿಯುವ ಯಂತ್ರ ಇದು. ಕೂದಲೆಳೆ ಅಲುಗಾಡಿದರೂ ಸಲಕ್ಕೊಂದು ಜಾಗದಲ್ಲಿ ಕೂರುತ್ತದೆ.

ಎಲ್ಲರೂ ಹೇಳುವ ಹಾಗೆ ಮೊದಲು ಬ್ಯಾರಲ್ಲನ್ನು ತೇಲಿಸಿದೆ. ಮುಂದಿನ ಬ್ಯಾಂಡ್ ತೆಗೆದು, ಸ್ಟಾಕಿನ ಕಾಲುವೆಯನ್ನು ಉಪ್ಪುಕಾಗದದಿಂದ ಉಜ್ಜಿ, ಬ್ಯಾರಲ್ ಕೆಳಗೆ ಒಂದು ಕಾಗದದ ಪಟ್ಟಿ ತಡೆಯಿಲ್ಲದೆ ಹಿಂದಿನವರೆಗೆ ಓಡುವ ಹಾಗೆ ಮಾಡಿದೆ. ಖುಷಿಯಿಂದ ಹೋಗಿ ಹೊಡೆದರೆ ಗ್ರೂಪ್ ಹಾಳಾಯಿತು. ಅಗಲಕ್ಕಲ್ಲ, ಎತ್ತರಕ್ಕೆ. ತೂತುಗಳು ಮೇಲಿಂದ ಕೆಳಗೆ ಸಾಲಾಗಿ ಬಿದ್ದವು. ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು. ಈ ಮಾದರಿಯಲ್ಲಿ ಬ್ಯಾರಲ್ ರಿಸೀವರ್‌ಗೆ ತಿರುಪಿನ ಮೇಲೆ ಬಿಗಿದಿಲ್ಲ, ವಿ-ಬ್ಲಾಕ್ ಎಳೆದು ಹಿಡಿದಿದೆ. ಮುಂದಿನ ಆಸರೆ ತೆಗೆದರೆ ಇಡೀ ಭಾರ ಆ ಪುಟ್ಟ ಹಿಡಿತದ ಮೇಲೆ ನೇತಾಡುತ್ತದೆ. ಪ್ರತಿ ಸಲ ಬೋಲ್ಟನ್ನು ಕೈಯಿಂದಲೇ ಎಳೆಯುವ ಬೋಲ್ಟ್ ಆಕ್ಷನ್ ರೈಫಲ್ಲಿಗೆ ಸರಿಯಾದ ಮದ್ದು ಇದಕ್ಕೆ ಹಾಗೇ ಒಗ್ಗಲಿಲ್ಲ.

ಹಾಗಾಗಿ ಎಪಾಕ್ಸಿ ಬೆಡ್ಡಿಂಗ್. ರಿಸೀವರ್ ಕೂರುವ ಜಾಗಕ್ಕೂ, ಬ್ಯಾರಲ್ಲಿನ ಮೊದಲ ಎರಡು ಇಂಚಿಗೂ ಅಚ್ಚು ಹುಯ್ದ ಹಾಗೆ ಹಾಸಿಗೆ ಮಾಡುವುದು. ಅಲ್ಲಿಂದ ಮುಂದಕ್ಕೆ ಬ್ಯಾರಲ್ ತೇಲಲಿ. ಸ್ಕ್ರೂ ಹೋಗುವ ತೂತಿಗೆ ಲೋಹದ ಕೊಳವೆ ಕೂರಿಸಿದೆ. ಇಲ್ಲದಿದ್ದರೆ ಬಿಗಿದಷ್ಟೂ ಮರ ಅದುಮಿಕೊಳ್ಳುತ್ತಾ ಹೋಗುತ್ತದೆ. ಪಿನ್ನಿನ ತೂತು, ಸಂದುಗೊಂದುಗಳಿಗೆಲ್ಲ ಮಕ್ಕಳು ಆಡುವ ಬಣ್ಣದ ಮಣ್ಣು ತುಂಬಿದೆ. ಲೋಹಕ್ಕೆಲ್ಲ ಎರಡು ಸಲ ಬೂಟ್ ಪಾಲಿಶ್ ಬಳಿದೆ, ಎಪಾಕ್ಸಿ ಅಂಟದಿರಲಿ ಅಂತ. ಕಲಸಿದೆ, ಹಾಕಿದೆ, ಕೂರಿಸಿದೆ, ಸ್ಕ್ರೂವನ್ನು ಬೆರಳಿನ ಬಿಗಿಗೆ ತಿರುಗಿಸಿ ಮಲಗಿದೆ.

ಬೆಳಗ್ಗೆ ಸ್ಕ್ರೂ ತಿರುಗಲಿಲ್ಲ. ಎಲ್ಲ ಕಡೆ ಪಾಲಿಶ್ ಬಳಿದವನು ಸ್ಕ್ರೂಗೇ ಬಳಿದಿರಲಿಲ್ಲ! ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತೆ. ಕೈಯಲ್ಲಿ ಬಲ ಹಾಕಿದರೆ ಅಲ್ಯೂಮಿನಿಯಂ ರಿಸೀವರಿನಲ್ಲಿರುವ ತಿರುಪಿನ ಎಳೆ ಕಿತ್ತು ಬರುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಕೊನೆಗೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒತ್ತಿ ಹಿಡಿದೆ. ಬಿಸಿಗೆ ಎಪಾಕ್ಸಿ ಮೆತ್ತಗಾಗುತ್ತದೆ. ಎರಡು ನಿಮಿಷ, ತಿರುಗಿಸಿ ನೋಡು, ಇಲ್ಲ. ಮತ್ತೆ ಎರಡು ನಿಮಿಷ. ನಾಲ್ಕನೇ ಸಲಕ್ಕೆ ಒಂದು ಸಣ್ಣ ಚಿಟ್. ಆ ಸದ್ದಿನಷ್ಟು ಸಿಹಿಯಾದ ಸದ್ದು ನಾನು ಕೇಳಿಲ್ಲ.

ರಿಸೀವರ್ ಎತ್ತಿದಾಗ ಕೆಳಗಿನ ಎಪಾಕ್ಸಿಯಲ್ಲಿ ಅದರ ಪ್ರತಿ ಗೀರು ಮೂಡಿತ್ತು. ಅಂಚಿನಲ್ಲಿ ಎರಡು ಗಾಳಿಗುಳ್ಳೆ, ಪರವಾಗಿಲ್ಲ. ಈಗ ಹೆಬ್ಬೆರಳು ಒತ್ತಿದರೆ ಏನೂ ಅಲುಗಲಿಲ್ಲ. ಸ್ಕ್ರೂ ಬಿಗಿಯಲು ಟಾರ್ಕ್ ಡ್ರೈವರ್ ತಂದೆ. ಕೈ ಅಂದಾಜಿನಲ್ಲಿ ಬಿಗಿದರೆ ಒಂದು ದಿನದ ಬಿಗಿ ಇನ್ನೊಂದು ದಿನ ಇರುವುದಿಲ್ಲ. 12ರಿಂದ ಶುರು ಮಾಡಿ ಎರಡೆರಡು ಇಂಚು-ಪೌಂಡ್ ಏರಿಸುತ್ತಾ ಹೊಡೆದು ನೋಡಿದೆ. ನನ್ನ ರೈಫಲ್ 18ರಲ್ಲಿ ನೆಮ್ಮದಿಯಾಗಿತ್ತು. ನಿಮ್ಮದು ಬೇರೆ ಹೇಳಬಹುದು. ಸರಾಸರಿ 21.

ಟ್ರಿಗರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಗಟ್ಟಿಯಾಗಿ. ನನ್ನದು ಎರಡೂವರೆ ಕಿಲೋ ಎಳೆತ, ಅದರ ಮಧ್ಯೆ ಮರಳು ಸಿಕ್ಕಿದ ಹಾಗೆ ಕಿರಿಕಿರಿ. ರೈಫಲ್ಲಿನ ತೂಕವೇ ಅದಕ್ಕಿಂತ ಬಹಳ ಜಾಸ್ತಿಯೇನಿಲ್ಲ. ಅಷ್ಟು ಎಳೆದರೆ ಮೂತಿ ಅಲುಗದೆ ಇರುತ್ತದೆಯೇ? ಅರ ಹಿಡಿದು ಉಜ್ಜಿದರೆ ಹಗುರ ಮಾಡಬಹುದು ಅಂತ ಒಬ್ಬರು ಹೇಳಿದರು. ನಾನು ಮುಟ್ಟಲಿಲ್ಲ. ಅಲ್ಲಿರುವುದು ಮೇಲ್ಪದರ ಮಾತ್ರ ಗಟ್ಟಿ ಮಾಡಿದ ಉಕ್ಕು. ಉಜ್ಜಿದರೆ ಆ ಪದರ ಹೋಗುತ್ತದೆ, ಮೆತ್ತನೆಯದು ಬೇಗ ಸವೆಯುತ್ತದೆ, ಕೋನ ತಪ್ಪುತ್ತದೆ. ಬೋಲ್ಟ್ ಆಕ್ಷನ್ನಿನಲ್ಲಿ ಅದು ಒಂದು ತೊಂದರೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಬೋಲ್ಟ್ ಮುಚ್ಚಿದ ಹೊಡೆತಕ್ಕೇ ಎರಡನೇ ಗುಂಡು ತಾನಾಗಿ ಹಾರಬಹುದು. ಅದು ಅಪಾಯವೂ ಹೌದು, ಕಾನೂನಿನ ಕಣ್ಣಲ್ಲಿ ಬೇರೆಯದೇ ಆಯುಧವೂ ಆಗಬಹುದು. ಹಾಗಾಗಿ ಪೂರ್ತಿ ಟ್ರಿಗರ್ ಪೆಟ್ಟಿಗೆಯನ್ನೇ ಬದಲಿಸಿದೆ. ಎರಡು ಪಿನ್ ತಳ್ಳಿದರೆ ಹಳೆಯದು ಕೆಳಗೆ ಬರುತ್ತದೆ, ಹೊಸದು ಕೂರುತ್ತದೆ. ಸುಮಾರು 1.2 ಕಿಲೋ ಎಳೆತ, ಗಾಜಿನ ಕಡ್ಡಿ ಮುರಿದ ಹಾಗೆ. ಖಾಲಿ ರೈಫಲ್ಲಿನಲ್ಲಿ ಸೇಫ್ಟಿಯನ್ನು ಹತ್ತಾರು ಸಲ ಪರೀಕ್ಷಿಸಿ, ಆಮೇಲೆ ಶೂಟಿಂಗ್ ರೇಂಜಿನಲ್ಲಿ ಎರಡೇ ತೋಟಾ ತುಂಬಿ ಹೊಡೆದು ನೋಡಿ, ಒಂದು ಎಳೆತಕ್ಕೆ ಒಂದೇ ಗುಂಡು ಅನ್ನೋದು ಖಾತ್ರಿಯಾದ ಮೇಲೇ ಮ್ಯಾಗಜೀನ್ ತುಂಬಿದ್ದು. ಸರಾಸರಿ 19ಕ್ಕಷ್ಟೇ ಇಳಿಯಿತು. ಆದರೆ ಐದರಲ್ಲಿ ಒಂದು ಗುಂಡು ಮನೆ ಬಿಟ್ಟು ಓಡುವ ಚಾಳಿ ನಿಂತಿತು.

ಇಷ್ಟೆಲ್ಲ ಆದ ಮೇಲೆ ಬ್ಯಾರಲ್. ಎಲ್ಲರೂ ಮೊದಲು ಕೊಳ್ಳುವುದನ್ನು ನಾನು ಕೊನೆಗೆ ಕೊಂಡೆ. ಜಾಣತನದಿಂದ ಅಲ್ಲ, ಬೋಲ್ಟ್ ಹಿಡಿ ಕೊಂಡು ಕೈ ಖಾಲಿಯಾಗಿದ್ದರಿಂದ. ಕೊಂಡದ್ದು 0.920 ಇಂಚು ದಪ್ಪದ್ದು, ನಳಿಗೆಯೊಳಗೆ 16 ಇಂಚಿಗೆ ಒಂದು ಸುತ್ತು ತಿರುಗುವ ಗೀರು, ಬೆಂಟ್ಜ್ ಚೇಂಬರ್. ದಪ್ಪಕ್ಕಿಂತ ಚೇಂಬರ್ ಮುಖ್ಯ. ಮಾಮೂಲಿ ಚೇಂಬರ್ ಸ್ವಲ್ಪ ಸಡಿಲ, ಎಂಥ ತೋಟಾ ಹಾಕಿದರೂ ಹೋಗಲಿ ಅಂತ. ಪೂರಾ ಸ್ಪರ್ಧೆಯ ಚೇಂಬರಿನಲ್ಲಿ ಗುಂಡಿನ ಮೂತಿ ಗೀರುಗಳಿಗೆ ಕಚ್ಚಿಕೊಂಡೇ ಕೂರುತ್ತದೆ. ಗುರಿಗೆ ಅದು ಒಳ್ಳೆಯದು. ಆದರೆ ಹೊಡೆಯದ ತೋಟಾ ಹೊರಗೆಳೆದರೆ ಗುಂಡು ಒಳಗೇ ಸಿಕ್ಕಿಕೊಂಡು, ಬರೀ ಖೋಲು ಕೈಗೆ ಬಂದು, ಮದ್ದು ಯಂತ್ರದೊಳಗೆಲ್ಲ ಚೆಲ್ಲಬಹುದು. ಬೆಂಟ್ಜ್ ಇವೆರಡರ ನಡುವಿನದು. ಸೆಮಿ ಆಟೋಮ್ಯಾಟಿಕ್‌ಗೆ ನನ್ನ ಓಟು ಅದಕ್ಕೇ.

ಜೋಡಿಸುವಾಗ ವಿ-ಬ್ಲಾಕಿನ ಎರಡು ಸ್ಕ್ರೂಗಳನ್ನು ಕಾಲು ಸುತ್ತು ಇದಕ್ಕೆ, ಕಾಲು ಸುತ್ತು ಅದಕ್ಕೆ ಅಂತ ಸರದಿಯಲ್ಲಿ ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಬ್ಯಾರಲ್ ಓರೆಯಾಗುತ್ತದೆ. ದಪ್ಪ ಬ್ಯಾರಲ್ಲಿಗೆ ಸ್ಟಾಕಿನ ಕಾಲುವೆ ಮತ್ತೆ ಅಗಲ ಮಾಡಬೇಕಾಯಿತು, ಆ ಎರಡು ಇಂಚಿನ ಹಾಸಿಗೆಯನ್ನು ಮತ್ತೆ ಹುಯ್ಯಬೇಕಾಯಿತು. ಈ ಸಲ ಸ್ಕ್ರೂಗೆ ಮೂರು ಕೋಟ್ ಪಾಲಿಶ್. ಏಳು ತೋಟಾಗಳನ್ನು ಹೊಸ ಬ್ಯಾರಲ್ಲಿಗೆ ಮತ್ತೆ ಮೊದಲಿಂದ ಹೊಡೆದೆ. ಹಳೆಯ ಬ್ಯಾರಲ್ಲಿನ ಗೆದ್ದವನು ಇಲ್ಲಿ ನಾಲ್ಕನೆಯವ! ಹೊಸ ಗೆದ್ದವನ ಸರಾಸರಿ 13.

ಸ್ಕೋಪ್ ಬಗ್ಗೆ ಒಂದೇ ಮಾತು. ನನ್ನ ಹಳೆಯ ಸ್ಕೋಪಿನ ಪ್ಯಾರಲಾಕ್ಸ್ 100 ಗಜಕ್ಕೆ ಕೂರಿಸಿದ್ದು. 50 ಮೀಟರಿನಲ್ಲಿ ತಲೆ ಸ್ವಲ್ಪ ಅಲುಗಿಸಿದರೆ ಅಡ್ಡಗೆರೆ ಗುರಿಯ ಮೇಲೆ ತೆವಳುತ್ತಿತ್ತು. ರಿಮ್‌ಫೈರ್‌ಗೆ, ಅಂದರೆ ಇಂಥ .22 ರೈಫಲ್ಲಿಗೆ, 50 ಗಜದ್ದು ಅಥವಾ ಹೊಂದಿಸಲು ಬರುವಂಥದ್ದು ತೆಗೆದುಕೊಳ್ಳಿ.

ನಳಿಗೆಯನ್ನು ಜಾಸ್ತಿ ತೊಳೆಯುವುದನ್ನು ಬಿಟ್ಟಿದ್ದೇನೆ. ಈ ರೈಫಲ್ಲಿನಲ್ಲಿ ರಿಸೀವರ್ ಹಿಂಭಾಗ ಮುಚ್ಚಿಕೊಂಡಿರುವುದರಿಂದ ಕಡ್ಡಿಯನ್ನು ಮೂತಿಯಿಂದಲೇ ತುರುಕಬೇಕು. ಮೂತಿಯ ಅಂಚು ಒಂದಿಷ್ಟು ಸವೆದರೂ ಗುಂಡು ಹೊರಡುವಾಗ ವಾಲುತ್ತದೆ. ಹಗ್ಗವನ್ನು ಚೇಂಬರ್ ಕಡೆಯಿಂದ ಹಾಕಿ ಮೂತಿಯಿಂದ ಎಳೆದುಬಿಡುತ್ತೇನೆ, ಅದೂ ಗ್ರೂಪ್ ದೊಡ್ಡದಾಗತೊಡಗಿದಾಗ ಮಾತ್ರ. ಚೇಂಬರ್ ಬಾಯಿಯ ಮಸಿಯನ್ನು ಮಾತ್ರ ಆಗಾಗ ತೆಗೆಯುತ್ತೇನೆ.

ಈಗ ಉಳಿದಿರುವ ಒಂದು ಜಗಳ ಮೊದಲ ಗುಂಡಿನದು. ಮ್ಯಾಗಜೀನ್ ಹಾಕಿದ ಮೇಲೆ ಮೊದಲ ತೋಟಾ ನನ್ನ ಕೈಯಿಂದ ಚೇಂಬರಿಗೆ ಹೋಗುತ್ತದೆ, ಉಳಿದವು ಬೋಲ್ಟಿನ ಹೊಡೆತಕ್ಕೆ ಹೋಗುತ್ತವೆ. ಕೂರುವ ರೀತಿ ಬೇರೆ, ಹಾಗಾಗಿ ಮೊದಲನೆಯದು ಒಂದಿಷ್ಟು ಮೇಲೆ ಬೀಳುತ್ತಿತ್ತು. ಬೋಲ್ಟನ್ನು ನಯವಾಗಿ ಮುಂದೆ ಬಿಡುವ ಅಭ್ಯಾಸ ಇತ್ತು ನನಗೆ, ಪಾಪ ಸವೆಯುತ್ತದೆ ಅಂತ. ಈಗ ಪೂರ್ತಿ ಹಿಂದೆ ಎಳೆದು ಕೈ ಬಿಟ್ಟುಬಿಡುತ್ತೇನೆ, ಠಪ್ ಅಂತ ತಾನೇ ಮುಚ್ಚಿಕೊಳ್ಳಲಿ. ಅರ್ಧ ತಕರಾರು ಹೋಗಿದೆ. ಇನ್ನರ್ಧಕ್ಕೆ ಸ್ಪ್ರಿಂಗ್ ಬದಲಿಸಿ ನೋಡುವ ಯೋಚನೆ ಇದೆ. ಮೊದಲು ಐದು ಗ್ರೂಪ್ ಹೊಡೆದು ಬರೆದಿಟ್ಟುಕೊಳ್ಳಬೇಕು.