ಡೊಳ್ಳು ಕಟ್ಟುವ ಮುನ್ನ ದಿಕ್ಕು ಕಲಿಸಿ

ಹಾವೇರಿ, ಧಾರವಾಡ ಕಡೆಯ ಡೊಳ್ಳಿನ ಮೇಳಗಳಿಗೆ ಹೊಸಬರು ಸೇರಿದಾಗ ತಾಳ ಬೇಗ ಹತ್ತುತ್ತದೆ, ದಿಕ್ಕು ಹತ್ತುವುದಿಲ್ಲ. ಹೆಗಲಿಗೆ ಭಾರ ಬಿದ್ದ ಮೇಲೆ ತಿದ್ದುವುದು ಕಷ್ಟ. ಬರಿಗೈಯಲ್ಲೇ ಶುರು ಮಾಡಿ.

ನೆಲದ ಮೇಲೆ ಸುಣ್ಣದಿಂದ ಎಂಟು ಗೆರೆ ಎಳೆಯಿರಿ: ಮುಂದೆ, ಹಿಂದೆ, ಎಡ, ಬಲ, ಇವುಗಳ ನಡುವಿನ ನಾಲ್ಕು ಮೂಲೆ. ಗೆರೆಯಿಂದ ಗೆರೆಗೆ 45 ಡಿಗ್ರಿ. ನಿಂತ ಜಾಗವೂ ಸೇರಿ 9. ಮೇಲೆ, ನಡು, ಕೆಳಗೆ ಎಂಬ ಮೂರು ಎತ್ತರಕ್ಕೆ 27. ನೃತ್ಯಗುರು ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿಯ, ಅಂದರೆ ಕುಣಿತವನ್ನು ಗುರುತುಗಳಲ್ಲಿ ಬರೆಯುವ ಪದ್ಧತಿಯ, ಲೆಕ್ಕವೂ ಇದೇ. ಹೆಜ್ಜೆಗೆ ‘ಕೆಳಗೆ’ ಎಂದರೆ ಮೊಣಕಾಲು ಮಡಿಸಿ, ‘ಮೇಲೆ’ ಎಂದರೆ ತುದಿಗಾಲಲ್ಲಿ. ಕೈಗೆ ‘ನಡು’ ಎಂದರೆ ಭುಜದ ಮಟ್ಟ, ಸೊಂಟವಲ್ಲ.

ಮೈ ಆಡುವ ಮೂರು ತಲಗಳನ್ನು (ಚಪ್ಪಟೆ ಹರವುಗಳನ್ನು) ಲಾಬಾನ್ ಬಾಗಿಲು, ಗಾಲಿ, ಮೇಜು ಎಂದ: ಪಕ್ಕಕ್ಕೆ ಬಾಗುವುದು ಬಾಗಿಲು, ಹಿಂದೆ ಮುಂದೆ ಬೀಸುವುದು ಗಾಲಿ, ಸುತ್ತ ತಿರುಗುವುದು ಮೇಜು. ಇವನ್ನು ಕಲಿಸಲು ಗೋಡೆಯೊಂದಿದ್ದರೆ ಸಾಕು.

ಬಾಗಿಲ ತಲಕ್ಕೆ ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿ ಎರಡು ಬೆರಳು ಮುಂದಿಟ್ಟು, ಪಕ್ಕಕ್ಕೆ ಬಾಗಿಸಿ. ಒಂದು ಭುಜ ಗೋಡೆ ಬಿಟ್ಟಿತೆಂದರೆ ಬಾಗುವ ಬದಲು ಮೈ ತಿರುಗುತ್ತಿದೆ. ಗಾಲಿ ತಲಕ್ಕೆ ಗೋಡೆಯ ಪಕ್ಕದಲ್ಲಿ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ಆ ಬದಿಯ ಕೈಯನ್ನು ಹಿಂದಿನಿಂದ ಮುಂದಕ್ಕೆ, ಮೇಲಕ್ಕೆ ಬೀಸಲು ಹೇಳಿ. ಗೋಡೆಗೆ ಬಡಿದರೆ ದಾರಿ ತಪ್ಪಿದೆ. ಮೇಜಿನ ತಲಕ್ಕೆ ಗೋಡೆ ಬೇಡ. ಚಕ್ಕಳಮಕ್ಕಳ ಕೂರಿಸಿ ಎದೆಯನ್ನಷ್ಟೇ ತಿರುಗಿಸಿ. ಒಂದು ಕುಂಡೆ ನೆಲ ಬಿಟ್ಟರೆ ಹೆಚ್ಚಾಯಿತು.

ನಿಂತು ತಿರುಗುವಾಗ ಎಚ್ಚರ ಬೇಕಾದದ್ದು ಮೊಣಕಾಲಿಗೆ. ಮಡಿಸಿ ಬಿಚ್ಚಲು ಅದು ಗಟ್ಟಿ, ತಿರುಚಿದರೆ ನೋವು. ಪಾದ ಊರಿಟ್ಟು ಸೊಂಟ ತಿರುಗಿಸಬಾರದು. ಪಾದ ಮೊದಲು ತಿರುಗಲಿ, ಮೊಣಕಾಲು ಎರಡನೆಯ ಕಾಲ್ಬೆರಳಿನ ನೇರಕ್ಕಿರಲಿ. ಡೊಳ್ಳು ಕಟ್ಟಿದ ಮೇಲೆ ಅದರ ಭಾರ ತಿರುಗಿದ ಕಡೆಗೇ ಎಳೆಯುತ್ತದೆ. ತಡೆಯಲು ಕಾಲು ಅಗಲಿಸಿ ಮಂಡಿ ಮಡಿಸಲೇಬೇಕು. ನೆಟ್ಟಗೆ ನಿಂತವ ಅರ್ಧ ಹೆಜ್ಜೆ ಜಾರಿಯೇ ಜಾರುತ್ತಾನೆ.

ಗುಂಡಗೆ ನಿಂತಾಗಿನ ಗೊಂದಲ ಬೇರೆ. ಒಳಮುಖವಾಗಿ ನಿಂತವರು ತಮ್ಮ ಎಡಕ್ಕೆ ಸರಿದರೆ ಮೇಳ ಪ್ರದಕ್ಷಿಣೆ ಸುತ್ತುತ್ತದೆ. ಹೊರಮುಖವಾಗಿ ನಿಂತವರು ಹಾಗೇ ಸರಿದರೆ ಅಪ್ರದಕ್ಷಿಣೆ. ಅರ್ಧ ಮಂದಿ ಹೊರಳಿ ನಿಲ್ಲುವ ವರಸೆಯಲ್ಲಿ ‘ಎಡಕ್ಕೆ’ ಎಂದು ಕೂಗಿದರೆ ಡೊಳ್ಳಿಗೆ ಡೊಳ್ಳು ತಾಗುವುದು ಖಂಡಿತ. ಅಲ್ಲಿ ‘ಪ್ರದಕ್ಷಿಣೆ’ ಎಂದೇ ಕೂಗಿ. ಮೆರವಣಿಗೆಯಲ್ಲಾದರೆ ‘ಗುಡಿ ಕಡೆ’, ‘ಅಗಸಿ ಕಡೆ’ ಎನ್ನಿ. ಇನ್ನು ಕಲಿಸುವವರು ಎದುರು ನಿಂತು ತೋರಿಸಬೇಡಿ, ಬೆನ್ನು ಕೊಟ್ಟು ತೋರಿಸಿ.